ಸಾಲಿನ ಹೊತ್ತು ಲೆಕ್ಕಕ್ಕಿಲ್ಲ

ನಮ್ಮೂರಿನ ಆಟದ ತೋಟದಲ್ಲಿ ಸಾಲಿಗೆ ನಿಂತ ಹೊತ್ತು ಯಾರ ಆಯುಷ್ಯದ ಲೆಕ್ಕಕ್ಕೂ ಸೇರುವುದಿಲ್ಲ. ಊರಿನ ಬೇರೆ ಸಾಲುಗಳಿಗೆ ಈ ಭಾಗ್ಯವಿಲ್ಲ. ರೇಷನ್ ಅಂಗಡಿಯ ಮುಂದೆ ನಿಂತವರು ನಿಂತಲ್ಲೇ ಮುದುಕರಾಗುತ್ತಾರೆ. ತೋಟದೊಳಗೆ ಒಂದೊಂದು ಆಟದ ಮುಂದೆಯೂ ಹಳದಿ ಬಣ್ಣದ ಕಬ್ಬಿಣದ ಕಂಬಿಗಳಿವೆಯಲ್ಲ, ಅವುಗಳ ನಡುವೆ ನಿಂತವರಿಗೆ ಮಾತ್ರ ಇದು. ಅಲ್ಲಿ ಎರಡು ಗಂಟೆ ನಿಂತು ನೋಡಿ. ಉಗುರು ಬೆಳೆಯುವುದಿಲ್ಲ, ಹಸಿವಾಗುವುದಿಲ್ಲ, ಮುಡಿದ ಮಲ್ಲಿಗೆ ಬಾಡುವುದಿಲ್ಲ, ಡಬ್ಬಿಯೊಳಗಿನ ಚಿತ್ರಾನ್ನ ಆರುವುದಿಲ್ಲ. ಬೇಜಾರು ಮಾತ್ರ ಪೂರ್ತಿ ಆಗುತ್ತದೆ. ಕೂತರೆ ನಡೆಯುವುದಿಲ್ಲ, ನಿಂತೇ ಇರಬೇಕು. ಕಂಬಿ ದಾಟಿ ಆಟದ ಗಾಡಿ ಹತ್ತಿದ ಕೂಡಲೇ ಹೊತ್ತು ಮತ್ತೆ ಎಣಿಕೆಗೆ ಬರುತ್ತದೆ.

ಹಾಗಿದ್ದರೆ ಜನ ಸಾಲಿಗೆ ಮುಗಿಬೀಳಬೇಕಿತ್ತಲ್ಲ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ಅವರಿಗೆ ಬೇಜಾರಿನ ತೂಕ ಗೊತ್ತಿಲ್ಲ, ಅಷ್ಟೇ. ಮೂವತ್ತೊಂಬತ್ತು ದಾಟಲು ಮನಸ್ಸಿಲ್ಲದ ಒಬ್ಬ ಹೈಸ್ಕೂಲ್ ಟೀಚರು ಎರಡು ಬೇಸಿಗೆ ರಜೆಗಳನ್ನು ಪೂರ್ತಿಯಾಗಿ ರಾಟೆ ತೊಟ್ಟಿಲಿನ ಸಾಲಿನಲ್ಲಿ ಕಳೆದರು. ಮೂರನೆಯ ವರ್ಷ ಸಾಕಪ್ಪಾ ಸಾಕು ಎಂದು ಮನೆಯಲ್ಲೇ ಕೂತು ಸುಮ್ಮನೆ ನಲವತ್ತಾಗಿಬಿಟ್ಟರು. ಇನ್ನು ಮಕ್ಕಳಿರುವ ಮನೆಗಳಲ್ಲಂತೂ ಸಾಲೆಂದರೆ ಭಯ. ಬಾಗಿಲ ಚೌಕಟ್ಟಿನ ಮೇಲೆ ಮಗುವಿನ ಎತ್ತರಕ್ಕೆ ಪೆನ್ಸಿಲ್ ಗೆರೆ ಎಳೆಯುವ ತಾಯಂದಿರು, ರಜೆ ಮುಗಿದ ಮೇಲೂ ಗೆರೆ ಮೇಲೇರದಿದ್ದರೆ, "ಬೆಳೆಯೋದೆಲ್ಲ ಸಾಲಲ್ಲೇ ಹೋಯ್ತು, ನಿಮಗೆ ಬುದ್ಧಿ ಬೇಡ್ವಾ?" ಎಂದು ಗಂಡನ ಮೇಲೆ ಹರಿಹಾಯುತ್ತಾರೆ.

ನನ್ನ ಕೆಲಸ ಹುಟ್ಟಿದ್ದು ಆ ತಾಯಂದಿರಿಂದ. ತೋಟದ ಗೇಟಿನ ಪಕ್ಕ, ಹೊಂಗೆಮರದ ಕೆಳಗೆ ನನ್ನದೊಂದು ತಗಡಿನ ಗೂಡು. ಅದರ ಮೇಲೆ 'ಸಾಲಿಲ್ಲದ ದಾರಿ ಇಲ್ಲಿ ಕೇಳಿ' ಎಂಬ ಬೋರ್ಡು. ಇಪ್ಪತ್ತೆಂಟು ವರ್ಷಗಳಿಂದ ಅದರೊಳಗೆ ಕೂತು ಬಂದವರಿಗೆ ಚೀಟಿ ಬರೆದುಕೊಡುತ್ತಿದ್ದೇನೆ. ನನ್ನ ಹೆಸರು ಚಿದಂಬರಯ್ಯ, ಆದರೆ ಊರಿನವರಿಗೆ ನಾನು ಚೀಟಿ ಅಯ್ಯ. ಯಾವ ಆಟಕ್ಕೆ ಮೊದಲು ಹೋಗಬೇಕು, ಎಷ್ಟು ಹೊತ್ತಿಗೆ ಹೋಗಬೇಕು, ಊಟ ಎಲ್ಲಿ, ನೀರು ಎಲ್ಲಿ, ಎಲ್ಲವೂ ಆ ಚೀಟಿಯಲ್ಲಿರುತ್ತದೆ. ಚೀಟಿ ಹಿಡಿದು ಹೋದವರು ಮಧ್ಯಾಹ್ನದೊಳಗೆ ಏಳೂ ಆಟ ಮುಗಿಸಿ ಹೊರಗೆ ಬಂದು ನನಗೆ ಕೈಯೆತ್ತಿ ಹೋಗುತ್ತಾರೆ. ನನಗೆ ಆಗ ಆಗುವ ಹೆಮ್ಮೆಯನ್ನು ಮುಚ್ಚಿಡುವುದು ಕಷ್ಟ.

ಸಾಲು ತಪ್ಪಿಸುವುದು ದೊಡ್ಡ ವಿದ್ಯೆಯೇನಲ್ಲ, ನಮ್ಮ ಜನರನ್ನು ಬಲ್ಲವರಿಗೆ ಸುಲಭ. ಗೇಟು ದಾಟಿದ ಕೂಡಲೇ ನಮ್ಮವರು ಎಡಕ್ಕೆ ತಿರುಗುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕಿ ರೂಢಿಯಾದ ಕಾಲು, ಇಲ್ಲಿಯೂ ನಡುವಿನ ಕಾರಂಜಿಯನ್ನು ಬಲಗಡೆ ಇಟ್ಟುಕೊಂಡೇ ಸುತ್ತುತ್ತದೆ. ಚರ್ಚಿಗೆ ಹೋಗುವವರು, ದರ್ಗಾಕ್ಕೆ ಹೋಗುವವರು ಕೂಡ ಗುಂಪು ಹೋದ ಕಡೆಗೇ ಹೋಗುತ್ತಾರೆ. ಹಾಗಾಗಿ ಬೆಳಗಿನ ಹೊತ್ತು ಬಲಗಡೆಯ ಆಟಗಳು ಖಾಲಿ. ಎರಡನೆಯದು ರಾಹುಕಾಲ. ಶನಿವಾರ ಒಂಬತ್ತರಿಂದ ಹತ್ತೂವರೆ, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು, ಬುಧವಾರ ಹನ್ನೆರಡರಿಂದ ಒಂದೂವರೆ. ಆ ಒಂದೂವರೆ ಗಂಟೆ ಯಾರೂ ಹೊಸದಾಗಿ ಗಾಡಿ ಹತ್ತುವುದಿಲ್ಲ. ಅಮಾವಾಸ್ಯೆಯ ದಿನ ರಾಟೆ ತೊಟ್ಟಿಲಿನಲ್ಲಿ ಕಾಗೆಗಳು ಕೂತಿರುತ್ತವೆ. ಇವಿಷ್ಟು ತಿಳಿದಿದ್ದು, ಗೋಡೆಗೊಂದು ಕ್ಯಾಲೆಂಡರು, ಕೈಗೊಂದು ಶಾಲೆಗಳ ಪರೀಕ್ಷೆಯ ಪಟ್ಟಿ ಇದ್ದರೆ ಯಾರು ಬೇಕಾದರೂ ಚೀಟಿ ಅಯ್ಯ ಆಗಬಹುದು. ಕೆಲವು ಹಿರಿಯರು ಚೀಟಿ ಓದಿ ಮುಖ ಸಿಂಡರಿಸುತ್ತಾರೆ. "ಅಪ್ರದಕ್ಷಿಣೆ ಸುತ್ತೋದಾ? ಅದು ಯಾವಾಗ ಸುತ್ತೋದು ಅಂತ ಗೊತ್ತಿಲ್ವೇನಯ್ಯ ನಿನಗೆ?" ಎನ್ನುತ್ತಾರೆ. "ಗಿರಗಿರ ತಿರುಗೋ ಬುಗುರಿ ಬಟ್ಟಲಿಗೆ ಶಾಸ್ತ್ರ ಇಲ್ಲ ಅಜ್ಜಿ, ನಡೀರಿ" ಎಂದು ಕಳಿಸುತ್ತೇನೆ.

ಇಷ್ಟೆಲ್ಲ ಬಲ್ಲ ನಾನು ಇಪ್ಪತ್ತೆಂಟು ವರ್ಷಗಳಲ್ಲಿ ಒಂದು ಆಟವನ್ನೂ ಆಡಿದವನಲ್ಲ. ನನ್ನ ಹೆಂಡತಿ ವಿಶಾಲಾಕ್ಷಿಯನ್ನು ಗೇಟಿನಿಂದ ಒಳಗೆ ಕರೆದುಕೊಂಡು ಹೋದವನೂ ಅಲ್ಲ. ನಾನು ಕರೆಯುವುದು ವಿಶಾಲು ಎಂದು. ಮನೆಯಲ್ಲಿ ಬ್ಲೌಸು, ಲಂಗ ಹೊಲಿಯುತ್ತಿದ್ದಳು. ದಿನಾ ಹನ್ನೊಂದಕ್ಕೆ ಊಟದ ಡಬ್ಬಿ ತಂದು ನನ್ನ ಗೂಡಿನ ಹಲಗೆಯ ಮೇಲಿಟ್ಟು, ಗೇಟಿನ ಸಂದಿನಿಂದ ಒಳಗೆ ಒಂದು ಗಳಿಗೆ ನೋಡಿ ಹೋಗುವಳು. ವರ್ಷಕ್ಕೆರಡು ಸಲ, "ನಾವೂ ಒಂದು ದಿನ ಹೋಗೋಣ್ವಾ?" ಎಂದು ಕೇಳುವಳು. "ಈ ಭಾನುವಾರ ಬೇಡ, ರಶ್ಶು. ಒಂದು ಖಾಲಿ ದಿನ ನೋಡ್ತೀನಿ ಇರು" ಎನ್ನುತ್ತಿದ್ದೆ. ಸುಳ್ಳು ಹೇಳುತ್ತಿರಲಿಲ್ಲ. ಕ್ಯಾಲೆಂಡರಿನಲ್ಲಿ ನಮಗಾಗಿ ಎಷ್ಟೋ ದಿನಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೇನೆ. ಆ ದಿನ ಬಂದಾಗ ಯಾರೋ ಅವಳಿ ಮಕ್ಕಳನ್ನು ಎಳೆದುಕೊಂಡು ಬಂದು ಚೀಟಿ ಕೇಳುತ್ತಿದ್ದರು. ನಮಗೆ ಮಕ್ಕಳಾಗಲಿಲ್ಲ. ಮಕ್ಕಳಿಲ್ಲದವರಿಗೆ ಆಟದ ಅವಸರವೇನಿದೆ ಎಂದು ನಾನು ಅಂದುಕೊಂಡುಬಿಟ್ಟೆ. ಅವಳು ಹಾಗೆ ಅಂದುಕೊಂಡಿದ್ದಾಳೋ ಇಲ್ಲವೋ ಎಂದು ಕೇಳಲಿಲ್ಲ.

ಈ ವರ್ಷ ಯುಗಾದಿ ಕಳೆದ ಮರುವಾರ ಅವಳ ಪಕ್ಕೆಯ ನೋವಿಗೆ ಹೆಸರು ಸಿಕ್ಕಿತು. ಡಾಕ್ಟರಮ್ಮ ನಮ್ಮೂರಿನವರೇ, ಸುತ್ತಿಬಳಸಿ ಮಾತಾಡುವವರಲ್ಲ. ವಿಶಾಲು ಆಚೆ ಹೋಗಿ ಚಪ್ಪಲಿ ಮೆಟ್ಟಿಕೊಳ್ಳುವಾಗ ನನ್ನನ್ನು ನಿಲ್ಲಿಸಿ, "ಮೂರು ತಿಂಗಳು ಅಂತ ಇಟ್ಕೊಳ್ಳಿ. ಆಷಾಢ ದಾಟೋದು ಕಷ್ಟ" ಎಂದರು. ನಾನು ಪೆದ್ದನಂತೆ, "ಮೂರು ತಿಂಗಳು ಅಂದ್ರೆ ಎಷ್ಟು ಗಂಟೆ?" ಎಂದು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ನನ್ನ ತಲೆಯಲ್ಲಿ ಏನು ಓಡುತ್ತಿದೆ ಎಂದು ಅವರಿಗೆ ಹೊಳೆಯಿತು. "ಅಯ್ಯನೋರೇ, ಸಾಲು ಔಷಧಿ ಅಲ್ಲ" ಎಂದಷ್ಟೇ ಹೇಳಿ ಮುಂದಿನವರನ್ನು ಕರೆದರು.

ಮಾರನೆಯ ದಿನ ಗೂಡಿಗೆ ಬೀಗ ಹಾಕಿ, ಹೆಂಡತಿಯ ಕೈ ಹಿಡಿದುಕೊಂಡು ಗೇಟು ದಾಟಿದೆ. ವಿಶಾಲು ನಗುತ್ತಿದ್ದಳು. "ಏನ್ರೀ, ಮೂವತ್ತೊಂದು ವರ್ಷ ಸಂಸಾರ ಮಾಡಿದ್ಮೇಲೆ ತೋಟ ತೋರಿಸ್ತಿದ್ದೀರಾ?" ಎಂದಳು. ನಾನು ಎಡಕ್ಕೆ ತಿರುಗಿದೆ. ಜನರೆಲ್ಲ ಹೋಗುವ ಕಡೆ, ಎಲ್ಲರೂ ಹೋಗುವ ಹೊತ್ತಿನಲ್ಲಿ, ಎಲ್ಲಕ್ಕಿಂತ ಉದ್ದದ ಸಾಲಿಗೆ. ಅಂದಿನಿಂದ ನನ್ನ ವಿದ್ಯೆಯನ್ನೆಲ್ಲ ತಿರುವುಮುರುವು ಮಾಡಿದೆ. ಶುಭದಿನ ಹುಡುಕಿದೆ, ರಾಹುಕಾಲ ಬಿಟ್ಟೆ, ಮೂರು ಶಾಲೆಗಳ ಮಕ್ಕಳು ಒಟ್ಟಿಗೆ ಬರುವ ದಿನ ಯಾವುದೆಂದು ಹೆಡ್‌ಮಾಸ್ತರರನ್ನು ಕೇಳಿ ತಿಳಿದುಕೊಂಡೆ. ಸಾಲಿನ ತುದಿ ಹತ್ತಿರ ಬಂದಾಗ ಹಿಂದಿನವರಿಗೆ, "ನೀವು ಮುಂದೆ ಹೋಗಿ, ನಮಗೆ ಅವಸರವಿಲ್ಲ" ಎಂದು ದಾರಿ ಬಿಡುತ್ತಿದ್ದೆ. ಎಷ್ಟು ಒಳ್ಳೆಯ ಜನ ಎಂದು ಅವರು ಹರಸಿ ಹೋಗುತ್ತಿದ್ದರು. ಶಾಲೆಯ ನೋಟ್‌ಬುಕ್ಕೊಂದರಲ್ಲಿ ದಿನಾ ಬರೆದಿಟ್ಟೆ: ಇವತ್ತು ಐದೂಮುಕ್ಕಾಲು ಗಂಟೆ, ಇವತ್ತು ಆರೂಕಾಲು. ನಾಲ್ಕು ದಿನ ನಿಂತರೆ ಒಂದು ಪೂರ್ತಿ ದಿನ ಉಳಿಯುತ್ತದೆ. ಉಳಿಸಿದ ದಿನದ ಮುಂದೆ ಒಂದು ನಕ್ಷತ್ರ ಹಾಕುತ್ತಿದ್ದೆ.

ನಿಜ ಹೇಳುತ್ತೇನೆ, ಆ ವಾರಗಳಷ್ಟು ಸುಖ ನಾನು ಹಿಂದೆ ಕಂಡಿರಲಿಲ್ಲ. ಸಾಲಿನಲ್ಲಿ ಮಾಡಲು ಬೇರೆ ಕೆಲಸವಿಲ್ಲ, ಮಾತಾಡಬೇಕು. ಮೂವತ್ತೊಂದು ವರ್ಷ ನಾವು ಆಡಿದ್ದೆಲ್ಲ ಉಪ್ಪು, ಎಣ್ಣೆ, ನೀರಿನ ಮೋಟಾರು. ಈಗ ಕಂಬಿಗೆ ಒರಗಿ ನಿಂತು ಅವಳು ಹಳೆಯ ಮಾತೆಲ್ಲ ಹೇಳಿದಳು. ತಾನು ಏಳನೇ ಕ್ಲಾಸಿನಲ್ಲಿ ಕಬಡ್ಡಿಯಲ್ಲಿ ಹಲ್ಲು ಮುರಿದುಕೊಂಡದ್ದು, ನನ್ನ ಅಕ್ಕನಿಗೆ ಹೊಲಿದುಕೊಟ್ಟ ಬ್ಲೌಸಿನ ತೋಳನ್ನು ಬೇಕೆಂದೇ ಬಿಗಿ ಮಾಡಿದ್ದು. ನಮ್ಮ ಹಿಂದೆ ನಿಂತವರೂ ಕಿವಿ ನಿಗುರಿಸಿ ಕೇಳುತ್ತಿದ್ದರು. ಒಮ್ಮೆ ಕತೆ ಅರ್ಧಕ್ಕೆ ಬಂದಾಗ ದಾರಿ ಬಿಟ್ಟರೆ, "ನಾವೂ ನಿಲ್ತೀವಿ ಅಮ್ಮ, ಮುಗಿಸಿ" ಎಂದು ಒಂದು ಸಂಸಾರವೇ ನಿಂತುಬಿಟ್ಟಿತು.

ಹಾವಿನ ಗಾಡಿಯ ಸಾಲಿನಲ್ಲಿ ಅವಳು ಇನ್ನೊಂದು ಮಾತು ಹೇಳಿದಳು. ಹಾವಿನ ಗಾಡಿ ಎಂದರೆ ಹಸಿರು ಬಣ್ಣದ ಹನ್ನೆರಡು ಡಬ್ಬಿಗಳ ಗಾಡಿ, ಮುಂದೆ ಹೆಡೆ ಎತ್ತಿದ ತಲೆ. ಕಟಕಟ ಎಂದು ದಿಣ್ಣೆಯ ನೆತ್ತಿಯವರೆಗೆ ಏರಿ, ಅಲ್ಲಿ ಅರೆಗಳಿಗೆ ನಿಂತು, ಒಂದೇ ಏಟಿಗೆ ಕೆಳಗಿಳಿಯುತ್ತದೆ. ಏಳೂ ಆಟಗಳಲ್ಲಿ ಜನ ಹೆಚ್ಚು ಕಾಯುವುದು ಅದಕ್ಕೆ. ಅದನ್ನು ಓಡಿಸುವವನು ಗುರುಪಾದ, ಕೊರಳಲ್ಲಿ ಸದಾ ಸೀಟಿ ಇರುವವನು, ನನಗೆ ಬಹುಕಾಲದ ಪರಿಚಯ. ವಿಶಾಲು ಆ ಹೆಡೆಯನ್ನೇ ನೋಡುತ್ತಾ, "ತೋಟ ಶುರುವಾದ ವರ್ಷ ನಾನು ಇದೇ ಸಾಲಲ್ಲಿ ನಿಂತಿದ್ದೆ ಗೊತ್ತಾ?" ಎಂದಳು. ಟೈಲರಿಂಗ್ ಕ್ಲಾಸಿನ ಗೆಳತಿಯರ ಜೊತೆ ಮೂರು ಗಂಟೆ ನಿಂತು, ಇನ್ನೇನು ಗಾಡಿ ಹತ್ತಬೇಕು, ಅಷ್ಟರಲ್ಲಿ ಅವಳ ಅಪ್ಪ ಏದುಸಿರು ಬಿಡುತ್ತಾ ಬಂದು ಕೈ ಹಿಡಿದು ಎಳೆದುಕೊಂಡು ಹೋದರಂತೆ. ಗಂಡಿನ ಕಡೆಯವರು ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಬಂದು ಮನೆಯಲ್ಲಿ ಕೂತಿದ್ದರಂತೆ.

"ಯಾವ ಗಂಡು?" ಎಂದೆ.

"ಅಯ್ಯೋ ನನ್ನ ಶಿವನೇ! ನೀವೇ ಕಣ್ರೀ. ಇನ್ಯಾವ ಗಂಡು ಬಂದಿದ್ದ ನನ್ನ ನೋಡೋಕೆ?"

ನನಗೆ ಆ ಸಂಜೆ ನೆನಪಿತ್ತು. ಮನೆಮಂದಿಯೆಲ್ಲ ಬೆವರಿ ಬಸವಳಿದಿದ್ದರೂ ಹುಡುಗಿಯ ತಲೆಯಲ್ಲಿನ ಹೂ ಮಾತ್ರ ಆಗ ತಾನೇ ಕಿತ್ತು ಮುಡಿದಂತಿತ್ತು. ಅದನ್ನು ನೋಡಿಯೇ ನಾನು ಒಪ್ಪಿದ್ದು. ಒಂದು ದಿನ ಮೊದಲೇ ಹೋಗಿದ್ದು ನನ್ನದೇ ಯೋಜನೆ. ಹೇಳಿದ ದಿನ ಹೋದರೆ ಎಲ್ಲರೂ ಸಿಂಗಾರ ಮಾಡಿಕೊಂಡಿರುತ್ತಾರೆ, ನಿಜರೂಪ ಕಾಣುವುದಿಲ್ಲ ಎಂದು. ಅಷ್ಟು ಚಿಕ್ಕ ವಯಸ್ಸಿನಲ್ಲೂ ನಾನು ಹಾಗೆಯೇ ಇದ್ದೆ.

"ಆಮೇಲೆ ಹತ್ತಲೇ ಇಲ್ವಾ?" ಎಂದು ಕೇಳಿದೆ.

"ನೀವು ಕರ್ಕೊಂಡು ಹೋದ್ರೆ ತಾನೇ?"

ಅಷ್ಟು ಕೇಳಿಯೂ, ಆ ದಿನ ಸಾಲಿನ ತುದಿಗೆ ಬಂದಾಗ ನಾನು ಏನು ಮಾಡಿದೆ ಗೊತ್ತೇ? ಹಿಂದೆ ತಿರುಗಿ, "ನೀವು ಮುಂದೆ ಹೋಗಿ" ಎಂದೆ. ಗಾಡಿ ಏರಿದರೆ ಹೊತ್ತು ಎಣಿಕೆಗೆ ಬರುತ್ತದೆ. ಇಳಿದು ಮತ್ತೆ ಸಾಲಿನ ಬಾಲಕ್ಕೆ ಹೋಗುವಷ್ಟರಲ್ಲಿ ಇನ್ನೊಂದಿಷ್ಟು ಹೋಗುತ್ತದೆ. ಅವಳು ಪಕ್ಕಕ್ಕೆ ಸರಿದು ನಿಂತಳು. ಗುರುಪಾದ ಸೀಟಿಯನ್ನು ಬಾಯಿಗಿಟ್ಟುಕೊಂಡು ನಮ್ಮನ್ನು ನೋಡಿ, ಊದದೆ ಸ್ವಲ್ಪ ಹೊತ್ತು ಕಾದು, ಆಮೇಲೆ ಊದಿದ.

ಆರನೆಯ ವಾರದ ಭಾನುವಾರ ನಾನು ತಪ್ಪು ಮಾಡಿದೆ. ಸಾಲಿನಲ್ಲಿ ನೋವು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಹೊಕ್ಕಾಗ ಎಷ್ಟಿತ್ತೋ ಅಷ್ಟೇ ಇರುತ್ತದೆ. ಹಾಗೆಯೇ ಗುಳಿಗೆಯೂ ಅಲ್ಲಿ ಕೆಲಸ ಮಾಡುವುದಿಲ್ಲ. ತಲೆನೋವಿಗೆ ಗುಳಿಗೆ ನುಂಗಿದರೆ ಅದು ಹಿಡಿಯುವವರೆಗೆ ಬೆಂಚಿನ ಮೇಲೆ ಕೂತು ಆಮೇಲೆ ಸಾಲಿಗೆ ಹೋಗಬೇಕು ಎಂಬುದು ನಮ್ಮೂರಿನ ಸಣ್ಣ ಮಕ್ಕಳಿಗೂ ಗೊತ್ತು. ನಾನೇ ನೂರಾರು ಚೀಟಿಗಳ ಕೆಳಗೆ ಅದನ್ನು ಬರೆದುಕೊಟ್ಟಿದ್ದೇನೆ. ಆ ದಿನ ಗೇಟಿನ ಹತ್ತಿರ ವಿಶಾಲು ಪಕ್ಕೆ ಹಿಡಿದುಕೊಂಡಳು. ನೀರು ತಂದು ಗುಳಿಗೆ ಕೊಟ್ಟೆ. ಡಾಕ್ಟರಮ್ಮ ಅರ್ಧ ಗಂಟೆ ಬೇಕು ಎಂದಿದ್ದರು. ಆದರೆ ಎರಡು ಬಸ್ಸುಗಳಲ್ಲಿ ಯಾವುದೋ ಮದುವೆ ದಿಬ್ಬಣದವರು ಬಂದು ಇಳಿಯುತ್ತಿದ್ದರು. ಎಂಥ ಸಾಲು ಬೆಳೆಯುತ್ತಿತ್ತು ಎಂದರೆ ನನಗೆ ಬೆಂಚಿನ ಮೇಲಿನ ಆ ಅರ್ಧ ಗಂಟೆ ಕೈಬಿಟ್ಟು ಹೋಗುವುದು ಸಹಿಸಲಾಗಲಿಲ್ಲ. "ಈಗ ಹೇಗಿದೆ?" ಎಂದು ಐದು ನಿಮಿಷಕ್ಕೇ ಕೇಳಿದೆ. ಅವಳು ನನ್ನ ಮುಖ ನೋಡಿ, "ಪರವಾಗಿಲ್ಲ, ನಡೀರಿ" ಎಂದಳು.

ಅಂದು ಆರು ಗಂಟೆ ನಲವತ್ತು ನಿಮಿಷ ನಿಂತೆವು. ಅಲ್ಲಿಯವರೆಗೆ ಅಷ್ಟು ಯಾವತ್ತೂ ಸಿಕ್ಕಿರಲಿಲ್ಲ. ನಾನು ಗೆದ್ದವನ ಹಾಗೆ ಬಾಯಿತುಂಬ ಮಾತಾಡುತ್ತಿದ್ದೆ. ಅವಳು ಹೂಂ ಎನ್ನುತ್ತಿದ್ದಳು. ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಕತೆ ಹೇಳು ಎಂದರೆ, "ಇವತ್ತು ನೀವೇ ಹೇಳಿ, ಕೇಳ್ತೀನಿ" ಎಂದಳು. ತೋಟ ಮುಚ್ಚುವ ಗಂಟೆ ಹೊಡೆದ ಮೇಲೆ ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ಬಿಸಿಲು ಇನ್ನೂ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಅವಳು ದೀರ್ಘವಾಗಿ ಒಂದು ಉಸಿರು ಬಿಟ್ಟು ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು. ಹಣೆಯ ಗಂಟು ಸಡಿಲವಾಯಿತು. ಬಿಗಿದ ಕೈ ಬಿಚ್ಚಿಕೊಂಡಿತು. ಕೈಗಡಿಯಾರ ನೋಡಿಕೊಂಡೆ. ಸಾಲಿನಿಂದ ಹೊರಬಂದು ಇಪ್ಪತ್ತೈದು ನಿಮಿಷವಾಗಿತ್ತು. ಬೆಳಿಗ್ಗೆ ನುಂಗಿದ ಗುಳಿಗೆ ಈಗ ಹಿಡಿದಿತ್ತು. ಅಂದರೆ ಬೆಳಗಿನಿಂದ ಆ ನೋವು ಒಂದು ಕೂದಲೆಳೆಯಷ್ಟೂ ಕಡಿಮೆಯಾಗದೆ ಅವಳ ಜೊತೆ ನಿಂತಿತ್ತು. ನಾನು ಪಕ್ಕದಲ್ಲೇ ಇದ್ದೆ. ನನಗೆ ಅಳು ಬಂತು. ಹೋಗಿಬರುವವರು ನೋಡುತ್ತಿದ್ದರೂ ಅತ್ತೆ.

ಅವಳು ಕಣ್ಣು ಬಿಟ್ಟಾಗ, "ಯಾಕೆ ಹೇಳ್ಲಿಲ್ಲ?" ಎಂದೆ.

"ನೀವು ಎಷ್ಟು ಖುಷಿಯಾಗಿದ್ರಿ."

"ಅದಕ್ಕೆ? ಅದಕ್ಕೆ ಸುಮ್ಮನಿದ್ದುಬಿಡೋದಾ ವಿಶಾಲು? ನಾನು ಮಾಡ್ತಿರೋದೆಲ್ಲ ನಿನಗೋಸ್ಕರ ತಾನೇ?"

"ಅಲ್ಲ ಕಣ್ರೀ" ಎಂದಳು, ಸಿಟ್ಟಿಲ್ಲದೆ. "ನನಗೋಸ್ಕರ ಅಲ್ಲ. ನಾನು ಹೋದ್ಮೇಲೆ ನಿಮಗೆ ಕಷ್ಟ ಆಗುತ್ತಲ್ಲ, ಅದನ್ನ ಮುಂದೆ ಹಾಕ್ತಿದ್ದೀರಿ. ಹಾಕಿ, ಬೇಡ ಅನ್ನಲ್ಲ. ನನಗೂ ನಿಮ್ಮ ಪಕ್ಕ ನಿಲ್ಲೋದು ಇಷ್ಟಾನೇ. ಆದ್ರೆ ಬರೀ ಉಳಿಸ್ತಾ ಕೂತ್ರೆ, ಉಳಿಸಿದ ದಿನ ಇಟ್ಕೊಂಡು ನಾನು ಏನ್ ಮಾಡ್ಲಿ ಹೇಳಿ? ದಿನಾ ಆ ಹಾವಿನ ಹೆಡೆ ಹತ್ತಿರ ಹೋಗ್ತೀನಿ, ದಿನಾ ವಾಪಸ್ ಬರ್ತೀನಿ."

ಸೋಮವಾರ ನಾವು ಸಾಲಿಗೆ ಹೋಗಲಿಲ್ಲ. ನಾನು ಏನು ಮಾಡುವುದೆಂದು ತಿಳಿಯದೆ ಗೂಡಿನ ಬೀಗ ತೆಗೆದು, ಧೂಳು ಒರೆಸಿ, ಸುಮ್ಮನೆ ಕೂತೆ. ಹನ್ನೊಂದಕ್ಕೆ ವಿಶಾಲು ಬಂದಳು. ಕೈಯಲ್ಲಿ ಡಬ್ಬಿ ಇರಲಿಲ್ಲ. ನನ್ನ ಮುಂದೆ ಇಬ್ಬರು ಹೆಂಗಸರು ಚೀಟಿಗೆ ನಿಂತಿದ್ದರು, ಅವರ ಹಿಂದೆ ಹೋಗಿ ತಾನೂ ನಿಂತಳು. ಅವರು ಹೋದ ಮೇಲೆ ಹಲಗೆಯ ಮೇಲೆ ಮೊಣಕೈಯೂರಿ, ಗುರುತೇ ಇಲ್ಲದವರ ಹಾಗೆ, "ಒಂದು ಚೀಟಿ ಬರ್ಕೊಡಿ ಅಯ್ಯನೋರೇ" ಎಂದ​ಳು.

ನಾನು ಪೆನ್ನು ಎತ್ತಿಕೊಂಡೆ. ಎಲ್ಲರನ್ನೂ ಕೇಳುವುದನ್ನೇ ಕೇಳಿದೆ. "ಎಷ್ಟು ಜನ?"

"ಇಬ್ರು."

"ಮಕ್ಕಳು?"

"ಇಲ್ಲ."

"ನಡೆಯೋಕೆ ಕಷ್ಟ ಇರೋರು ಯಾರಾದ್ರೂ?"

"ಒಬ್ರು ಇದ್ದಾರೆ. ಆದ್ರೆ ಹಟಮಾರಿ."

"ಬೇಕೇ ಬೇಕು ಅನ್ನೋ ಆಟ ಯಾವುದು?"

"ಹಾವಿನ ಗಾಡಿ" ಎಂದಳು. ನಂತರ ದನಿ ತಗ್ಗಿಸಿ, "ಒಂದು ನಿಮಿಷಾನೂ ಸಾಲಲ್ಲಿ ನಿಲ್ಲಬಾರದು, ಹಾಗೆ ಬರೀರಿ. ಊರೋರಿಗೆಲ್ಲ ಬರ್ಕೊಟ್ಟಿದ್ದೀರಲ್ಲ" ಎಂದಳು.

ಸಾವಿರಾರು ಚೀಟಿ ಬರೆದ ಕೈ ಅದೊಂದನ್ನು ಬರೆಯಲು ಒಪ್ಪಲಿಲ್ಲ. ನಾನು ಚೆನ್ನಾಗಿ ಬರೆದಷ್ಟೂ ಅವಳ ಹೊತ್ತು ಎಣಿಕೆಗೆ ಬರುತ್ತದೆ. ಒಂದು ಗಳಿಗೆಯೂ ಉಳಿಯುವುದಿಲ್ಲ. ಬೇಕೆಂದೇ ಎಲ್ಲಾದರೂ ಒಂದು ಕಡೆ ಸಾಲು ಸಿಗುವಂತೆ ಬರೆಯಬಹುದಿತ್ತು, ಅವಳಿಗೆ ತಿಳಿಯುತ್ತಿರಲಿಲ್ಲ. ಆ ಯೋಚನೆ ಬಂದದ್ದು ನಿಜ. ಪೆನ್ನು ಕೆಳಗಿಟ್ಟು ಕ್ಯಾಲೆಂಡರು ನೋಡಿದೆ. ಆ ಶನಿವಾರವೇ ಅಮಾವಾಸ್ಯೆ. ಶನಿವಾರದ ರಾಹುಕಾಲ ಒಂಬತ್ತಕ್ಕೆ ಶುರು, ಗೇಟು ತೆರೆಯುವುದೂ ಒಂಬತ್ತಕ್ಕೆ. ಅಂಥ ಖಾಲಿ ದಿನ ವರ್ಷಕ್ಕೆ ಒಂದೋ ಎರಡೋ ಸಲ ಮಾತ್ರ ಸಿಗುತ್ತದೆ. ಬರೆದೆ. ಬಲಕ್ಕೆ ತಿರುಗಿ ಎಂದು ಮೊದಲ ಸಾಲಿನಲ್ಲಿ ಬರೆದು, ಗುಳಿಗೆಯನ್ನು ಮನೆಯಲ್ಲೇ ಎಂಟೂವರೆಗೆ ತೆಗೆದುಕೊಳ್ಳಿ ಎಂದು ಕೊನೆಯಲ್ಲಿ ಬರೆದೆ.

"ಅಮಾವಾಸ್ಯೆ, ರಾಹುಕಾಲ, ಮೇಲೆ ಅಪ್ರದಕ್ಷಿಣೆ. ಪರವಾಗಿಲ್ವಾ?" ಎಂದು ಕೇಳಿದೆ.

"ಇನ್ನು ರಾಹು ನನಗೆ ಏನ್ ಮಾಡ್ತಾನೆ, ಪಾಪ" ಎಂದು ಚೀಟಿಯನ್ನು ಮಡಚಿ ಬ್ಲೌಸಿನೊಳಗೆ ಇಟ್ಟುಕೊಂಡಳು.

ಡಾಕ್ಟರಮ್ಮನನ್ನೂ ಕೇಳಿದೆ. "ಹೃದಯ ಗಟ್ಟಿಯಾಗಿದೆ, ಕೂರಿಸಿ. ನೀವು ಹುಷಾರು" ಎಂದರು. ಶನಿವಾರ ಬೆಳಿಗ್ಗೆ ಗೇಟಿನ ಹೊರಗೆ ಹತ್ತಿಪ್ಪತ್ತು ಜನ ಮರದ ನೆರಳಲ್ಲಿ ಕೂತು ಹತ್ತೂವರೆಯಾಗುವುದನ್ನು ಕಾಯುತ್ತಿದ್ದರು. ನಾವು ಅವರ ಮುಂದೆಯೇ ಒಳಗೆ ಹೋಗಿ ಬಲಕ್ಕೆ ತಿರುಗಿದೆವು. ಯಾರೋ ಒಬ್ಬರು ಹಿಂದಿನಿಂದ, "ಅಯ್ಯೋ, ಆ ಕಡೆ ಅಲ್ಲ" ಎಂದು ಕೂಗಿದರು. ವಿಶಾಲು ನೇರಳೆ ಬಣ್ಣದ ಸೀರೆ ಉಟ್ಟಿದ್ದಳು. ಕುದುರೆ ಚಕ್ರದಲ್ಲಿ ನಾವಿಬ್ಬರೇ. ಕನ್ನಡಿ ಮನೆಯಲ್ಲಿ ಅವಳು ದಪ್ಪಗೆ ಕಂಡು, ನಾನು ಬತ್ತಿಯಂತೆ ಕಂಡು, "ಇಷ್ಟು ದಪ್ಪ ಇದ್ದಿದ್ರೆ ಎಷ್ಟು ಚೆನ್ನಾಗಿತ್ತು" ಎಂದು ಅವಳು ಆ ಕನ್ನಡಿಯ ಮುಂದೆಯೇ ಸುಮಾರು ಹೊತ್ತು ನಿಂತಳು. ನಾನು ಅವಸರ ಮಾಡಲಿಲ್ಲ. ಬುಗುರಿ ಬಟ್ಟಲಿನಲ್ಲಿ ನನಗೆ ವಾಂತಿ ಬರುವಂತಾಗಿ ಇಳಿದು ನೆಲದ ಮೇಲೆ ಕೂತುಬಿಟ್ಟೆ. ಅವಳು ಸೆರಗಿನಿಂದ ಗಾಳಿ ಹಾಕುತ್ತಾ ನಕ್ಕಳು. ರಾಟೆ ತೊಟ್ಟಿಲಿನ ಮೇಲಿಂದ ನಮ್ಮ ಮನೆಯ ಹಿತ್ತಿಲ ತಂತಿ, ಅದರ ಮೇಲೆ ಅವಳು ಒಣಹಾಕಿದ ಟವೆಲ್ಲು ಕಂಡಿತು. ಹೊತ್ತು ಹೋಗುತ್ತಿರುವುದು ನನಗೆ ಗೊತ್ತಾಗುತ್ತಿತ್ತು. ಕೈಗಡಿಯಾರವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ, ಆದರೂ ಗೊತ್ತಾಗುತ್ತಿತ್ತು. ಅವಳ ಮುಡಿಯ ಮಲ್ಲಿಗೆ ಅಂಚಿನಲ್ಲಿ ಕಂದತೊಡಗಿತ್ತು.

ದೋಣಿ, ನೀರು ಜಾರು ಎರಡನ್ನೂ ಮುಗಿಸಿ ಹಾವಿನ ಗಾಡಿಯ ಬಳಿ ಬಂದಾಗ ಹಳದಿ ಕಂಬಿಗಳ ನಡುವೆ ಒಂದು ನರಪಿಳ್ಳೆಯೂ ಇರಲಿಲ್ಲ. ಆರು ವಾರ ಹೆಜ್ಜೆ ಹೆಜ್ಜೆಗೆ ನಿಂತು ಸವೆಸಿದ ಆ ಓಣಿಯನ್ನು ಅವಳು ಒಂದೇ ಉಸಿರಿಗೆ ನಡೆದು ದಾಟಿದಳು. ಗುರುಪಾದ ಬಾಯಿಬಿಟ್ಟುಕೊಂಡು ನೋಡಿದ. "ಅಮ್ಮ, ಇವತ್ತು ಹತ್ತೋದೇನಾ?" ಎಂದ. "ಇವತ್ತು ಹಿಂದೆ ಯಾರೂ ಇಲ್ವಲ್ಲಪ್ಪ, ಮುಂದೆ ಹೋಗಿ ಅನ್ನೋಕೆ" ಎಂದಳು ಅವಳು. ಮೊದಲ ಡಬ್ಬಿಯಲ್ಲೇ ಕೂತೆವು. ಗುರುಪಾದ ಸೀಟಿ ಊದಿದ. ಗಾಡಿ ಏರಿತು. ಸುಳ್ಳೇಕೆ ಹೇಳಲಿ, ನಾನು ಕಣ್ಣು ಮುಚ್ಚಿಕೊಂಡೆ. ಕೇಳಿದ್ದು ಮೊದಲು ಕಟಕಟ ಸದ್ದು, ಆಮೇಲೆ ನೆತ್ತಿಯ ಮೌನ, ಆಮೇಲೆ ನನ್ನ ಹೆಂಡತಿಯ ಕೇಕೆ. ಅಂಥ ದನಿ ಅವಳೊಳಗೆ ಇತ್ತೆಂದು ನನಗೆ ಗೊತ್ತಿರಲಿಲ್ಲ. ಕೆಳಗೆ ಬಂದು ನಿಂತಾಗ ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ನೀವು ನೋಡ್ಲೇ ಇಲ್ಲ" ಎಂದಳು.

"ಇಲ್ಲ" ಎಂದೆ. ಗುರುಪಾದನ ಕಡೆ ತಿರುಗಿ, "ಇನ್ನೊಂದು ಸುತ್ತು ಬಿಡಪ್ಪ" ಎಂದೆ. ಅವಳು ನನ್ನನ್ನು ನೋಡಿದಳು. ಹೇಳಿದ್ದು ನಾನೇ ಎಂದು ನನಗೂ ನಂಬಿಕೆ ಬರಲಿಲ್ಲ.

ಆ ಸಲ ಕಣ್ಣು ತೆರೆದೇ ಇದ್ದೆ. ನೆತ್ತಿಯ ಮೇಲೆ ಗಾಡಿ ನಿಂತಾಗ ಅವಳನ್ನು ನೋಡಿದೆ. ಗಾಳಿಗೆ ಕೂದಲು ಹಾರಿ, ಬಾಯಿ ಅರ್ಧ ತೆರೆದು, ಮುಂದೆ ಬರುವುದನ್ನು ಕಾಯುತ್ತಿದ್ದಳು. ಬೀಳುವಾಗ ಇಬ್ಬರೂ ಕೂಗಿದೆವು. ಹೀಗೆ ನಾಲ್ಕು ಸುತ್ತು. ಐದನೆಯದಕ್ಕೆ ಗುರುಪಾದ, "ಅಯ್ಯನೋರೇ, ಜನ ಬಂದ್ರು" ಎಂದ.

ನೋಡಿದರೆ ಕಂಬಿಗಳ ನಡುವೆ ಸಾಲು ಬೆಳೆದಿತ್ತು. ಹತ್ತೂವರೆ ಕಳೆದು ಎಷ್ಟೋ ಹೊತ್ತಾಗಿತ್ತು, ಅಮಾವಾಸ್ಯೆಯ ತಿಥಿಯೂ ಮುಗಿದಿತ್ತು. ಸಾಲು ಮೂರು ಮಡಿಕೆಯಾಗಿ ಕಾರಂಜಿಯವರೆಗೆ ಹೋಗಿತ್ತು. ಕಡಿಮೆಯೆಂದರೂ ಎರಡು ಗಂಟೆಯ ಸಾಲು. ಇಳಿದು ಹೊರಗೆ ಬಂದ ಮೇಲೆ ನನ್ನ ಕಾಲು ಆ ಸಾಲಿನ ಬಾಲದ ಕಡೆಗೆ ತಿರುಗಿತು. ಎರಡು ಗಂಟೆ. ಅವಳ ಪಕ್ಕದಲ್ಲಿ ಇನ್ನೂ ಎರಡು ಗಂಟೆ, ಒಂದು ಕ್ಷಣವೂ ಕಳೆಯದೆ. ಎದೆಯಲ್ಲಿ ಅಷ್ಟು ಆಸೆ ಹುಟ್ಟಿತು, ನಾಚಿಕೆ ಬಿಟ್ಟು ಹೇಳುತ್ತೇನೆ, ಅವಳು ಹೂಂ ಎಂದಿದ್ದರೆ ಕತ್ತಲಾಗುವವರೆಗೂ ನಿಲ್ಲುತ್ತಿದ್ದೆ.

ಅವಳು ನನ್ನ ಕಾಲು ತಿರುಗಿದ್ದನ್ನು ನೋಡಿದಳು. ಸಾಲನ್ನೂ ನೋಡಿದಳು. ಅವಳಿಗೂ ಆಸೆಯಿತ್ತು, ನನಗೆ ಗೊತ್ತು. ಸ್ವಲ್ಪ ಹೊತ್ತು ಇಬ್ಬರೂ ಅಲ್ಲೇ ನಿಂತೆವು, ಕಂಬಿಯ ಹೊರಗೆ, ಎಣಿಕೆಗೆ ಬರುವ ಹೊತ್ತಿನಲ್ಲಿ. ಆಮೇಲೆ ಅವಳು ನನ್ನ ಕೈಯೊಳಗೆ ತನ್ನ ಕೈ ಸೇರಿಸಿ, "ಬನ್ನಿ ಮನೆಗೆ" ಎಂದಳು. ಹೋದೆವು. ಅದಾದ ಮೇಲೆ ನಾವು ಸಾಲಿಗೆ ಹೋಗಲಿಲ್ಲ.

ಆಷಾಢ ಕಳೆದು ಶ್ರಾವಣದ ಎರಡನೆಯ ವಾರ, ಒಂದು ಮಧ್ಯಾಹ್ನ, ವಿಶಾಲು ಹೋದಳು. ಡಾಕ್ಟರಮ್ಮ ಹೇಳಿದ್ದಕ್ಕಿಂತ ಹನ್ನೊಂದು ದಿನ ಹೆಚ್ಚಿಗೆ ಇದ್ದಳು. ನೋಟ್‌ಬುಕ್ಕಿನ ನಕ್ಷತ್ರಗಳೂ ಹೆಚ್ಚುಕಮ್ಮಿ ಅಷ್ಟೇ. ಆ ಹನ್ನೊಂದು ದಿನ ಯಾವುವು ಎಂದು ಹುಡುಕುತ್ತೇನೆ. ಕೊನೆಯವೇ ಇರಬೇಕು, ಅವಳು ಮಲಗಿ ನಾನು ಪಕ್ಕದಲ್ಲಿ ಕೂತಿದ್ದವು. ಆದರೆ ಅವು ಒಂದರೊಳಗೊಂದು ಸೇರಿಹೋಗಿವೆ, ಬಿಡಿಸಲು ಬರುವುದಿಲ್ಲ. ಆ ಶನಿವಾರ ಹಾಗಲ್ಲ. ಒಂಬತ್ತರಿಂದ ಹನ್ನೆರಡರವರೆಗೆ ಒಂದೊಂದು ನಿಮಿಷವೂ ನನಗೆ ಬೇರೆಬೇರೆಯಾಗಿ ನೆನಪಿದೆ. ಆ ಬೆಳಿಗ್ಗೆ ಅವಳಿಗೂ ನನಗೂ ಮೂರು ಗಂಟೆ ವಯಸ್ಸಾಯಿತು, ಒಟ್ಟಿಗೆ. ಒಳ್ಳೆಯ ಮೂರು ಗಂಟೆ ಅವು, ಇಂಥದ್ದು ಎಷ್ಟು ಜನಕ್ಕೆ ಸಿಗುತ್ತದೆ ಎಂದು ಗುರುಪಾದ ಸಮಾಧಾನ ಹೇಳುತ್ತಾನೆ. ಅವನು ಹೇಳುವುದು ಸರಿ. ಆದರೆ ಸಾಲದು. ಯಾರು ಏನೇ ಹೇಳಲಿ, ನನಗೆ ಅದು ಸಾಲದು.